ಪಾರ್ಸಿಪನಿಯಿಂದ ಕಲಾಶಾಲೆಗೆ

ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿ ಎರಡು ಸರಕಾರಿ ಹೈಸ್ಕೂಲುಗಳಿವೆ: ಪಾರ್ಸಿಪನಿ ಹೈ ಮತ್ತು ಪಾರ್ಸಿಪನಿ ಹಿಲ್ಸ್. ಸೆಪ್ಟೆಂಬರ್ ಬಂತೆಂದರೆ ಹನ್ನೆರಡನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಕಾಲೇಜಿನದೇ ಮಾತು. ಕಂಪ್ಯೂಟರ್ ಸೈನ್ಸ್, ಫಾರ್ಮಸಿ, ಫೈನಾನ್ಸ್ ಎಂದವರಿಗೆ ದಾರಿ ಹೇಳಲು ನ್ಯೂಜೆರ್ಸಿಯ ಕನ್ನಡಿಗರ ಯಾವ ಕೂಟಕ್ಕೆ ಹೋದರೂ ನಾಲ್ಕು ಜನ ಸಿಗುತ್ತಾರೆ. ಮಗಳು ಪೇಂಟಿಂಗ್ ಓದುತ್ತೇನೆ ಎಂದಾಗ ಮಾತ್ರ ಯಾರನ್ನು ಕೇಳಬೇಕೆಂದೇ ತೋಚುವುದಿಲ್ಲ. "ಚಿತ್ರ ಬರೀಲಿ, ಯಾರು ಬೇಡ ಅಂದ್ರು? ಆದ್ರೆ ನಾಲ್ಕು ವರ್ಷ ಅದನ್ನೇ ಓದ್ಬೇಕಾ?" ಎಂಬ ಅಪ್ಪ ಅಮ್ಮಂದಿರ ಮಾತಿನಲ್ಲಿ ಕಲೆಯ ಬಗ್ಗೆ ತಾತ್ಸಾರವಿಲ್ಲ; ಇರುವುದು ಭಯ. ಆ ಭಯಕ್ಕೆ ಕಾರಣವೂ ಇದೆ.

ಮೊದಲು ದುಡ್ಡಿನ ಲೆಕ್ಕ. ರಿಸ್ಡಿ ಎಂದೇ ಎಲ್ಲರೂ ಕರೆಯುವ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್, ಬ್ರೂಕ್ಲಿನ್ನಿನ ಪ್ರಾಟ್ ಇನ್‌ಸ್ಟಿಟ್ಯೂಟ್ ಮುಂತಾದ ಖಾಸಗಿ ಕಲಾಶಾಲೆಗಳಲ್ಲಿ 2024ರ ಹೊತ್ತಿಗೆ ಬೋಧನಾ ಶುಲ್ಕವೊಂದೇ ವರ್ಷಕ್ಕೆ 60 ಸಾವಿರ ಡಾಲರಿನ ಆಸುಪಾಸಿಗೆ ಬಂದಿತ್ತು. ಹಾಸ್ಟೆಲು, ಊಟ, ಬಣ್ಣ, ಕ್ಯಾನ್ವಾಸು ಸೇರಿದರೆ ನಾಲ್ಕು ವರ್ಷಕ್ಕೆ ಮೂರು ಲಕ್ಷ ಡಾಲರ್ ದಾಟುತ್ತದೆ. ಅದೇ ಹೊತ್ತಿಗೆ ನ್ಯೂಜೆರ್ಸಿಯ ನಿವಾಸಿಗಳಿಗೆ ರಟ್ಗರ್ಸ್ ವಿಶ್ವವಿದ್ಯಾಲಯದ ಬೋಧನೆ ಮತ್ತಿತರ ಶುಲ್ಕ ಸೇರಿ 20 ಸಾವಿರಕ್ಕಿಂತ ಕಡಿಮೆ. ಇವು ಪಟ್ಟಿಯಲ್ಲಿ ಕಾಣುವ ಬೆಲೆಗಳು. ವಿದ್ಯಾರ್ಥಿವೇತನ ಕಳೆದು ನಿಜವಾಗಿ ಕೈಯಿಂದ ಹೋಗುವುದು ಎಷ್ಟೆಂದು ಅಂದಾಜು ಮಾಡುವ ಲೆಕ್ಕಪಟ್ಟಿಯೊಂದನ್ನು ಪ್ರತಿ ಕಾಲೇಜೂ ತನ್ನ ಜಾಲತಾಣದಲ್ಲಿ ಇಡಲೇಬೇಕೆಂಬ ಕೇಂದ್ರ ಸರಕಾರದ ನಿಯಮ 2011ರಿಂದ ಇದೆ. ಅಮೆರಿಕದ ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡಿನಲ್ಲಿ ಯಾವ ಕಾಲೇಜಿನ ಯಾವ ವಿಷಯ ಓದಿದವರು ಎಷ್ಟು ಸಾಲ ಹೊತ್ತು ಹೊರಬಂದರು, ಆಮೇಲೆ ಎಷ್ಟು ಗಳಿಸುತ್ತಿದ್ದಾರೆ ಎಂಬುದು ಅನೇಕ ಕೋರ್ಸುಗಳಿಗೆ ಸಿಗುತ್ತದೆ. ಈ ಎರಡನ್ನೂ ನೋಡದೆ ಅರ್ಜಿ ಹಾಕುವ ಮನೆಗಳು ಬೇಕಾದಷ್ಟಿವೆ. ಹೆಸರಾಂತ ಕಾಲೇಜುಗಳ ರ‍್ಯಾಂಕಿಂಗ್ ಪಟ್ಟಿ ಮಾತ್ರ ಎಲ್ಲರಿಗೂ ಬಾಯಿಪಾಠ.

ಚಿತ್ರಕಲೆ ಓದುವವರಿಗೆ ಸಾಲದ ಪ್ರಶ್ನೆ ಉಳಿದವರಿಗಿಂತ ಬೇರೆ ಥರ. ಒಂದು ಲಕ್ಷ ಡಾಲರ್ ಸಾಲವನ್ನು ಶೇ 7ರ ಬಡ್ಡಿಯಲ್ಲಿ ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 1,160 ಡಾಲರ್ ಕಟ್ಟಬೇಕು. ಎಂಜಿನಿಯರಿಗೆ ಅದು ಸಂಬಳದಲ್ಲಿ ಕಳೆದುಹೋಗುವ ಕಂತು. ಚಿತ್ರಕಾರನಿಗೆ ಅದು ಸ್ಟುಡಿಯೋ ಬಾಡಿಗೆ. ವಾರಕ್ಕೆ ಎರಡು ದಿನ ಕೆಲಸಕ್ಕೆ ಹೋಗದೆ ಚಿತ್ರ ಬರೆಯಬಹುದಾಗಿದ್ದ ಹೊತ್ತು. ಕಲಾವಿದರು ತಮ್ಮದೆನ್ನುವ ದಾರಿ ಹಿಡಿಯುವುದು ಸಾಮಾನ್ಯವಾಗಿ ಕಾಲೇಜಿನೊಳಗಲ್ಲ, ಪದವಿ ಮುಗಿದ ಮೇಲಿನ ನಾಲ್ಕೈದು ವರ್ಷಗಳಲ್ಲಿ. ಆ ವರ್ಷಗಳನ್ನು ಕಂತಿಗೆ ಒತ್ತೆಯಿಟ್ಟು ಪಡೆಯುವ ಪದವಿ, ಎಷ್ಟೇ ಹೆಸರಾಂತ ಕಾಲೇಜಿನದಾದರೂ, ಕಲಾವಿದನಾಗುವ ದಾರಿಗೇ ಅಡ್ಡ ಬರುತ್ತದೆ. ಆದ್ದರಿಂದ ಕಾಲೇಜು ಆರಿಸುವಾಗ ಮೊದಲು ಕೇಳಬೇಕಾದದ್ದು "ಎಷ್ಟು ದೊಡ್ಡ ಹೆಸರು?" ಎಂದಲ್ಲ, "ಇಲ್ಲಿಂದ ಹೊರಬಂದ ಮೇಲೆ ಚಿತ್ರ ಬರೆಯಲು ಹೊತ್ತು ಉಳಿಯುತ್ತದೆಯೇ?" ಎಂದು.

ಕರ್ನಾಟಕದ ಕಲಾವಿದರ ಓದಿನ ಕತೆಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಮೊದಲು ಸೇರಿದ್ದು ಬೆಂಗಳೂರಿನ ಕೆನ್ ಕಲಾಶಾಲೆಗೆ. ಆರ್. ಎಂ. ಹಡಪದ್ ತಮ್ಮ ಬದುಕನ್ನೇ ಸುರಿದು ಕಟ್ಟಿದ ಆ ಶಾಲೆಗೆ ದೊಡ್ಡ ಕಟ್ಟಡವಾಗಲಿ, ವಿಶ್ವವಿದ್ಯಾಲಯದ ಗತ್ತಾಗಲಿ ಇರಲಿಲ್ಲ. ಎದುರಿಗೆ ಕೂತು ಕಲಿಸುವ ಮೇಷ್ಟ್ರಿದ್ದರು. ಅಲ್ಲಿಂದ ಶೀಲಾ ಬರೋಡಾಕ್ಕೆ, ಆಮೇಲೆ ಶಾಂತಿನಿಕೇತನಕ್ಕೆ ಹೋದರು. 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟಿನಿಂದ ಪೇಂಟಿಂಗಿನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ದೊಡ್ಡ ಹೆಸರಿನ ಕಾಲೇಜು ಬಂದದ್ದು ಕೊನೆಯಲ್ಲಿ.

ಅವರ ಹೆಸರನ್ನು ಜಗತ್ತಿಗೆ ಮುಟ್ಟಿಸಿದ ಕೃತಿಗಳಲ್ಲೊಂದು 1998ರ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್'. ಅದರಲ್ಲಿ ಕ್ಯಾನ್ವಾಸೇ ಇಲ್ಲ. ಉದ್ದುದ್ದ ದಾರಗಳನ್ನು ಒಂದೊಂದಾಗಿ ಸೂಜಿಯ ಕಣ್ಣಿನಲ್ಲಿ ಪೋಣಿಸಿ, ಎಲ್ಲ ದಾರಗಳನ್ನೂ ಸೇರಿಸಿ ಕುಂಕುಮ ಮತ್ತು ಅಂಟು ಬಳಿದು ಹಗ್ಗ ಮಾಡಿದ್ದಾರೆ. ಹಗ್ಗ ನೆಲದ ಮೇಲೆ ಸುರುಳಿಯಾಗಿ ಹರಿದು, ಗೋಡೆ ಹತ್ತಿ ಇಳಿದು, ತುದಿಯಲ್ಲಿ ಸೂಜಿಗಳ ಗೊಂಚಲಾಗಿ ಮುಗಿಯುತ್ತದೆ. ಚಿತ್ರಕಲೆ ಓದಿದವರ ಕೈಯಿಂದ ಬಂದ ಕೆಲಸ ಇದು. ಹದಿನೇಳನೇ ವಯಸ್ಸಿನಲ್ಲಿ "ನಾನು ಪೇಂಟರ್" ಎಂದು ಹೇಳುವ ಹುಡುಗಿ ಮೂವತ್ತರಲ್ಲಿ ದಾರ ಹಿಡಿಯಬಹುದು, ಕ್ಯಾಮೆರಾ ಹಿಡಿಯಬಹುದು. ಅವಳು ಸೇರುವ ಕಾಲೇಜು ಅದಕ್ಕೆ ಎಡೆ ಕೊಡುವಂತಿರಬೇಕು.

ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರೂ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದವರು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಕಲಿತು, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಮುಗಿಸಿದರು. ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾಂಗೆ ಹೋದದ್ದು ಅದಾಗಿ ಹತ್ತು ವರ್ಷ ಕಳೆದ ಮೇಲೆ. ಎನ್. ಎಸ್. ಹರ್ಷ ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಪದವಿ, ಬರೋಡಾದಲ್ಲಿ ಸ್ನಾತಕೋತ್ತರ ಮುಗಿಸಿ, ಮೈಸೂರಿನಲ್ಲೇ ಇದ್ದುಕೊಂಡು ಕೆಲಸ ಮಾಡಿದರು. 2008ರಲ್ಲಿ ವೇಲ್ಸಿನ ಆರ್ಟೆಸ್ ಮುಂಡಿ ಪ್ರಶಸ್ತಿ ಪಡೆದರು, 2017ರಲ್ಲಿ ಟೋಕಿಯೊದ ಮೋರಿ ಮ್ಯೂಸಿಯಮ್ಮಿನಲ್ಲಿ ಅವರ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಮನೆಗೆ ಹತ್ತಿರದ, ಕೈಗೆಟಕುವ ಕಾಲೇಜಿನಲ್ಲಿ ಶುರುಮಾಡಿದ್ದರಿಂದ ಇವರಲ್ಲಿ ಯಾರಿಗೂ ಏನೂ ಕಡಿಮೆಯಾಗಲಿಲ್ಲ.

ಪಾರ್ಸಿಪನಿಗೆ ಆ ಹತ್ತಿರದ ಕಾಲೇಜು ಯಾವುದು? ಹಲವಿವೆ. ರೂಟ್ 287 ಹಿಡಿದು ದಕ್ಷಿಣಕ್ಕೆ ಹೋದರೆ ನ್ಯೂಬ್ರನ್ಸ್‌ವಿಕ್ಕಿನ ರಟ್ಗರ್ಸ್. ಅಲ್ಲಿನ ಮೇಸನ್ ಗ್ರಾಸ್ ಕಲಾಶಾಲೆ 1976ರಲ್ಲಿ ಆರಂಭವಾದದ್ದು. ಇನ್ನೂ ಹತ್ತಿರದಲ್ಲಿ ಮಾಂಟ್‌ಕ್ಲೇರ್ ಸ್ಟೇಟ್, ವೇಯ್ನ್ ಊರಿನ ವಿಲಿಯಂ ಪ್ಯಾಟರ್ಸನ್. ಕೌಂಟಿಯೊಳಗೇ, ರ‍್ಯಾಂಡಾಲ್ಫಿನಲ್ಲಿ, ಕೌಂಟಿ ಕಾಲೇಜ್ ಆಫ್ ಮಾರಿಸ್. ಮಕ್ಕಳು ಇವುಗಳ ಹೆಸರು ಹೇಳುವಾಗ ದನಿ ತಗ್ಗಿಸುವುದುಂಟು, ಪ್ರಾಟ್ ಸಿಗದವರು ಹೋಗುವ ಜಾಗ ಎಂಬ ಭಾವನೆಯಿಂದ. ರಟ್ಗರ್ಸಿನ ಚರಿತ್ರೆ ಗೊತ್ತಿದ್ದರೆ ಹಾಗೆನ್ನಿಸುತ್ತಿರಲಿಲ್ಲ.

1950ರ ದಶಕದಲ್ಲಿ ರಟ್ಗರ್ಸಿನಲ್ಲಿ ಪಾಠ ಮಾಡುತ್ತಿದ್ದ ಆ್ಯಲನ್ ಕ್ಯಾಪ್ರೊ, ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ ಘಟನೆಯನ್ನೇ ಕಲೆಯಾಗಿಸುವ 'ಹ್ಯಾಪನಿಂಗ್' ಎಂಬ ಪ್ರಕಾರವನ್ನು ಹುಟ್ಟುಹಾಕಿದರು. 1959ರಲ್ಲಿ ನ್ಯೂಯಾರ್ಕಿನ ರೂಬೆನ್ ಗ್ಯಾಲರಿಯಲ್ಲಿ ಅದು ಪ್ರಸಿದ್ಧವಾಯಿತು. ರಟ್ಗರ್ಸಿನದೇ ಮಹಿಳಾ ಕಾಲೇಜಾಗಿದ್ದ ಡಗ್ಲಸ್ಸಿನಲ್ಲಿ 1960ರಲ್ಲಿ ಮೇಷ್ಟ್ರಾಗಿ ಸೇರಿದ ರಾಯ್ ಲಿಕ್ಟನ್‌ಸ್ಟೈನ್ ಮರುವರ್ಷವೇ ಕಾಮಿಕ್ ಪುಸ್ತಕದ ಚಿತ್ರಗಳನ್ನು ಕ್ಯಾನ್ವಾಸಿಗೆ ತಂದರು. ಸೌತ್ ಬ್ರನ್ಸ್‌ವಿಕ್ಕಿನಲ್ಲಿ ಕೋಳಿ ಸಾಕುತ್ತಿದ್ದ ಜಾರ್ಜ್ ಸೀಗಲ್ ಇದೇ ಬಳಗದವರು. ಜೀವಂತ ಮನುಷ್ಯರ ಮೈಮೇಲೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆದು ಶಿಲ್ಪ ಮಾಡಿದ ಅವರು 1963ರಲ್ಲಿ ರಟ್ಗರ್ಸಿನಿಂದ ಎಂಎಫ್ಎ ಎಂಬ ಸ್ನಾತಕೋತ್ತರ ಪದವಿ ಪಡೆದರು. ಅದೇ ಡಗ್ಲಸ್ಸಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದ ಜೋನ್ ಸ್ನೈಡರ್ ಕೊನೆಯ ವರ್ಷದಲ್ಲಿ ಒಂದು ಪೇಂಟಿಂಗ್ ತರಗತಿಗೆ ಸೇರಿ ಅಲ್ಲೇ ನಿಂತುಬಿಟ್ಟರು. 2007ರಲ್ಲಿ ಅವರಿಗೆ ಮೆಕಾರ್ಥರ್ ಫೆಲೋಶಿಪ್ ಬಂತು. "ಮೊದಲು ಬೇರೆ ಏನಾದ್ರೂ ಓದು, ಜೊತೆಗೆ ಚಿತ್ರ ಇರ್ಲಿ" ಎನ್ನುವ ತಾಯಂದಿರ ವಾದಕ್ಕೂ ಇಲ್ಲೊಂದು ಆಧಾರವಿದೆ. ಆ ಹೊತ್ತಿನಲ್ಲಿ ರಟ್ಗರ್ಸನ್ನು ದೊಡ್ಡದು ಮಾಡಿದ್ದು ಯಾವ ಪಟ್ಟಿಯೂ ಅಲ್ಲ, ಒಂದೇ ಸ್ಟಾಫ್ ರೂಮಿನಲ್ಲಿ ಕೂತಿದ್ದ ಐದಾರು ಜನ.

ಆದ್ದರಿಂದ ಕಾಲೇಜಿನ ಅಧ್ಯಾಪಕರ ಪಟ್ಟಿ ತೆರೆದು ಒಬ್ಬೊಬ್ಬರ ಕೆಲಸವನ್ನೂ ನೋಡುವುದು ಒಂದು ಭಾನುವಾರಕ್ಕೆ ತಕ್ಕ ಕೆಲಸ. ಯಾರು ಪೂರ್ಣಾವಧಿಯವರು, ಯಾರು ಒಂದೊಂದು ಸೆಮಿಸ್ಟರಿಗೆ ಬಂದುಹೋಗುವವರು, ಮೊದಲ ವರ್ಷದವರಿಗೆ ಪಾಠ ಮಾಡುವವರು ಯಾರು ಎಂದು ಕೇಳಬೇಕು. ಹೆಸರಾಂತ ಕಲಾವಿದರ ಫೋಟೋ ಜಾಲತಾಣದಲ್ಲಿ ಇದ್ದ ಮಾತ್ರಕ್ಕೆ ಅವರು ಹದಿನೆಂಟರ ಹುಡುಗರ ಚಿತ್ರ ತಿದ್ದುತ್ತಾರೆಂದಲ್ಲ.

ಪದವಿಯ ಹೆಸರಿನಲ್ಲೂ ವ್ಯತ್ಯಾಸವಿದೆ. ಕಲಾಶಾಲೆಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆಯ ಮಾನದಂಡದಂತೆ ಬಿಎಫ್ಎ ಪದವಿಯಲ್ಲಿ ಕನಿಷ್ಠ ಶೇ 65ರಷ್ಟು ಓದು ಕಲೆ ಮತ್ತು ವಿನ್ಯಾಸಕ್ಕೆ ಸೇರಿದ್ದಿರಬೇಕು. ಬಿಎ ಆದರೆ ಅದು ಶೇ 30ರಿಂದ 45. ಉಳಿದ ಜಾಗದಲ್ಲಿ ಜೀವಶಾಸ್ತ್ರವನ್ನೋ ಮನಃಶಾಸ್ತ್ರವನ್ನೋ ಎರಡನೇ ಮೇಜರ್ ಆಗಿ ಓದಬಹುದು. ದಿನಕ್ಕೆ ಆರು ಗಂಟೆ ಸ್ಟುಡಿಯೋದಲ್ಲಿ ನಿಂತರೂ ಸಾಕೆನಿಸದ ಹುಡುಗನಿಗೆ ಬಿಎಫ್ಎ ಸರಿ. ಚಿತ್ರವೂ ಬೇಕು, ಇನ್ನೊಂದೂ ಬೇಕು ಎನ್ನುವವಳಿಗೆ ಬಿಎ ಸಾಕು. ಮುಂದೆ ಎಂಎಫ್ಎಗೆ ಅರ್ಜಿ ಹಾಕುವಾಗ ಕಾಲೇಜಿನವರು ನೋಡುವುದು ಕೆಲಸವನ್ನು.

ಅರ್ಜಿಯ ಜೀವ ಪೋರ್ಟ್‌ಫೋಲಿಯೋ. ಕಾಲೇಜುಗಳು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಚಿತ್ರಗಳನ್ನು ಕೇಳುತ್ತವೆ. ಹೈಸ್ಕೂಲಿನಲ್ಲಿ ಎಪಿ ಡ್ರಾಯಿಂಗ್ ಎಂಬ ಕಾಲೇಜು ಮಟ್ಟದ ಕೋರ್ಸ್ ತೆಗೆದುಕೊಂಡವರಿಗೆ ಅರ್ಧ ತಯಾರಿ ಆಗಿರುತ್ತದೆ: ಅದರಲ್ಲಿ ಮೂರು ಗಂಟೆಯ ಪರೀಕ್ಷೆ ಇರುವುದಿಲ್ಲ, ಒಂದೇ ಪ್ರಶ್ನೆಯನ್ನು ಬೆನ್ನುಹತ್ತಿ ಮಾಡಿದ ಕೆಲಸದ 15 ಚಿತ್ರಗಳು ಮತ್ತು ಆಯ್ದ ಐದು ಕೃತಿಗಳೇ ಅಂಕ ನಿರ್ಧರಿಸುತ್ತವೆ. ಹೀಗೆ ಕೂಡಿಸಿದ ಚಿತ್ರಗಳನ್ನು ತೋರಿಸಿ ತಿದ್ದಿಸಿಕೊಳ್ಳಲು ಒಂದು ಒಳ್ಳೆಯ ಅವಕಾಶ ನ್ಯಾಷನಲ್ ಪೋರ್ಟ್‌ಫೋಲಿಯೋ ಡೇ. ದೇಶದ ಹಲವು ಕಲಾಶಾಲೆಗಳವರು ಒಂದೇ ಹಾಲಿನಲ್ಲಿ ಮೇಜು ಹಾಕಿಕೊಂಡು ಕೂರುತ್ತಾರೆ. ಯಾರು ಬೇಕಾದರೂ ಚಿತ್ರ ಹೊತ್ತುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಬಹುದು, ದುಡ್ಡಿಲ್ಲ. ನ್ಯೂಯಾರ್ಕಿನಲ್ಲೂ ಇದು ನಡೆಯುತ್ತದೆ. ಹನ್ನೊಂದನೇ ತರಗತಿಯಲ್ಲೇ ಒಮ್ಮೆ ಹೋಗಿಬಂದರೆ ತಿದ್ದಿಕೊಳ್ಳಲು ಪೂರಾ ಒಂದು ವರ್ಷ ಸಿಗುತ್ತದೆ.

ಆ ಮೇಜಿನ ಎದುರು ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಒಂದೇ ಕಡೆ. ವಾರಾಂತ್ಯದ ಡ್ರಾಯಿಂಗ್ ಕ್ಲಾಸಿನಲ್ಲಿ ಫೋಟೋ ನೋಡಿ, ಚೌಕ ಎಳೆದು, ಪೆನ್ಸಿಲಿನಲ್ಲಿ ತೀಡಿ ತೀಡಿ ಮಾಡಿದ ಸಿನಿಮಾ ನಟರ ಮುಖ, ಹುಲಿಯ ಮುಖ, ಇಲ್ಲವೇ ಅನಿಮೆ ಪಾತ್ರಗಳು. ಮನೆಗೆ ಬಂದ ನೆಂಟರು ಹೊಗಳುವುದು ಅದನ್ನೇ. ಪರಿಶೀಲಕರು ಅದನ್ನು ಬೇಗ ಬೇಗ ಮಗುಚಿ, ಕೊನೆಯಲ್ಲಿ ಸಂಕೋಚದಿಂದ ಇಟ್ಟ ಸ್ಕೆಚ್‌ಬುಕ್ ಎತ್ತಿಕೊಳ್ಳುತ್ತಾರೆ. ಅದರಲ್ಲಿ ಬಸ್ಸಿನಲ್ಲಿ ನಿದ್ದೆ ಹೋದವನ ಕತ್ತು, ಸಿಂಕಿನಲ್ಲಿ ಒಂದರ ಮೇಲೊಂದು ಬಿದ್ದ ಕುಕ್ಕರು ಬಾಣಲೆ, ಗರಾಜಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ರಾಶಿ ಇದ್ದರೆ ಕೈ ಅಲ್ಲಿ ನಿಲ್ಲುತ್ತದೆ. ಎದುರಿಗಿದ್ದದ್ದನ್ನು ನೋಡಿ ಬರೆದದ್ದೇ ಕಣ್ಣು ಹೇಗೆ ಕೆಲಸ ಮಾಡುತ್ತದೆಂದು ತೋರಿಸುವುದು. ರಿಸ್ಡಿ ದಶಕಗಳ ಕಾಲ ಅರ್ಜಿ ಹಾಕುವವರೆಲ್ಲರಿಂದ ಒಂದು ಸೈಕಲ್ಲಿನ ಚಿತ್ರ ಕೇಳುತ್ತಿತ್ತು. ಕಡ್ಡಿ, ಚೈನು, ಪೆಡಲು, ಒಂದರ ಹಿಂದೊಂದು ಅಡಗುವ ಕೊಳವೆಗಳು. ಸೈಕಲ್ ಹೇಗಿರುತ್ತದೆಂದು ನೆನಪಿನಿಂದ ಬರೆದವನೂ ಎದುರಿಗಿಟ್ಟು ನೋಡಿ ಬರೆದವನೂ ಅದರಲ್ಲಿ ತಕ್ಷಣ ಬೇರೆಯಾಗಿ ಕಾಣುತ್ತಾರೆ.

ಬೆಟ್ಟದಷ್ಟು ಫೀಸಿನ ನಡುವೆ ಕೂಪರ್ ಯೂನಿಯನ್ನಿನ ಹೆಸರು ಬೇರೆಯಾಗಿಯೇ ಹೇಳಬೇಕು. ಶಾಲೆಯ ಮುಖ ಹೆಚ್ಚು ಕಾಣದ ಉದ್ಯಮಿ ಪೀಟರ್ ಕೂಪರ್ 1859ರಲ್ಲಿ ಮ್ಯಾನ್‌ಹಟನ್ನಿನಲ್ಲಿ ಕಟ್ಟಿದ ಈ ಕಾಲೇಜು ತಲೆಮಾರುಗಳ ಕಾಲ ತನ್ನ ವಿದ್ಯಾರ್ಥಿಗಳಿಂದ ಬೋಧನಾ ಶುಲ್ಕ ಪಡೆಯಲಿಲ್ಲ. ಹಣದ ಮುಗ್ಗಟ್ಟಿನಿಂದ 2014ರಲ್ಲಿ ಶುಲ್ಕ ಶುರುವಾಯಿತು. ಅದಕ್ಕೆ ಮುಂಚಿನ ವರ್ಷ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯಲ್ಲೇ ಎರಡು ತಿಂಗಳು ಧರಣಿ ಕೂತಿದ್ದರು. 2018ರಲ್ಲಿ ಹತ್ತು ವರ್ಷದೊಳಗೆ ಪೂರ್ತಿ ಉಚಿತ ಶಿಕ್ಷಣಕ್ಕೆ ಮರಳುವ ಯೋಜನೆ ಒಪ್ಪಿಕೊಂಡರು. ಪದವಿಗೆ ಸೇರಿದ ಎಲ್ಲರಿಗೂ ಅರ್ಧ ಶುಲ್ಕ ಮನ್ನಾ ಇದೆ. 2024ರಲ್ಲಿ, ಕೊನೆಯ ವರ್ಷದವರಿಗೆ ಮುಂದಿನ ನಾಲ್ಕು ವರ್ಷಗಳ ಮಟ್ಟಿಗೆ ಶುಲ್ಕವೇ ಇಲ್ಲ ಎಂದು ಘೋಷಿಸಿದರು. ಸೀಟುಗಳು ಬಹಳ ಕಡಿಮೆ. ಆದರೂ ಅರ್ಜಿ ಹಾಕದೆ ಬಿಡಬಾರದು.

ದುಡ್ಡಿನ ಇನ್ನೊಂದು ಮುಖ ಕಾಲೇಜಿನದು. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ 1876ರಷ್ಟು ಹಿಂದಕ್ಕೆ ಬೇರು ಇದ್ದ ಸಂಸ್ಥೆ. 2024ರ ಮೇ 31ರಂದು, ಒಂದು ವಾರದಲ್ಲಿ ಬಾಗಿಲು ಹಾಕುತ್ತೇವೆಂದು ಸುದ್ದಿ ಹೊರಬಿತ್ತು. ಜೂನ್ 7ಕ್ಕೆ ಮುಚ್ಚಿಯೇಬಿಟ್ಟಿತು. ಆ ಶರತ್ಕಾಲಕ್ಕೆ ಸೇರಲು ಮುಂಗಡ ಕಟ್ಟಿದ್ದ ಮಕ್ಕಳೂ ಬೀದಿಗೆ ಬಿದ್ದರು. ಅದೇ ಊರಿನ, 1805ರಷ್ಟು ಹಳೆಯದಾದ ಪೆನ್ಸಿಲ್ವೇನಿಯಾ ಅಕಾಡೆಮಿ ಆಫ್ ದಿ ಫೈನ್ ಆರ್ಟ್ಸ್ ತನ್ನ ಪದವಿ ತರಗತಿಗಳನ್ನು ನಿಲ್ಲಿಸುವುದಾಗಿ ಅದೇ ವರ್ಷದ ಜನವರಿಯಲ್ಲಿ ತಿಳಿಸಿತ್ತು. ಸ್ಯಾನ್‌ ಫ್ರಾನ್ಸಿಸ್ಕೊ ಆರ್ಟ್ ಇನ್‌ಸ್ಟಿಟ್ಯೂಟ್ 2022ರಲ್ಲಿ ಮುಚ್ಚಿತು. ಬರೀ ಕಲೆಯನ್ನೇ ಕಲಿಸುವ ಸಣ್ಣ ಖಾಸಗಿ ಕಾಲೇಜುಗಳು ನಡೆಯುವುದು ಮುಖ್ಯವಾಗಿ ವಿದ್ಯಾರ್ಥಿಗಳ ಫೀಸಿನಿಂದ. ನಾಲ್ಕೈದು ವರ್ಷ ಸೇರುವವರ ಸಂಖ್ಯೆ ಇಳಿದರೆ ತಡೆದುಕೊಳ್ಳುವ ಗಂಟು ಹಲವಕ್ಕೆ ಇರುವುದಿಲ್ಲ. ಹಾಗಾಗಿ "ನಿಮ್ಮಲ್ಲಿ ಐದು ವರ್ಷದ ಹಿಂದೆ ಎಷ್ಟು ಜನ ಇದ್ದರು, ಈಗೆಷ್ಟು? ಮಾನ್ಯತೆ ಕೊಡುವ ಸಂಸ್ಥೆಯಿಂದ ಯಾವುದಾದರೂ ಎಚ್ಚರಿಕೆ ಬಂದಿದೆಯೇ?" ಎಂದು ಪ್ರವಾಸದ ದಿನ ನೇರವಾಗಿ ಕೇಳಿಬಿಡುವುದು ಒಳ್ಳೆಯದು. ಕೇಳಲು ಮುಜುಗರ ಪಡಬೇಕಾಗಿಲ್ಲ.

ಕೌಂಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಆಮೇಲೆ ದೊಡ್ಡ ಕಾಲೇಜಿಗೆ ಹೋಗುವ ದಾರಿಯೂ ನ್ಯೂಜೆರ್ಸಿಯಲ್ಲಿ ಸಲೀಸು. ಹೈಸ್ಕೂಲಿನ ತರಗತಿಯಲ್ಲಿ ಮೇಲಿನ ಶೇ 15ರೊಳಗೆ ಬಂದವರಿಗೆ ಎನ್‌ಜೆ ಸ್ಟಾರ್ಸ್ ಯೋಜನೆಯಲ್ಲಿ ಕೌಂಟಿ ಕಾಲೇಜಿನ ಬೋಧನಾ ಶುಲ್ಕ ಇಲ್ಲ. ಎರಡು ವರ್ಷದ ಕ್ರೆಡಿಟ್ಟುಗಳನ್ನು ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳು ಒಪ್ಪಿಕೊಳ್ಳಬೇಕೆಂಬ ಕಾನೂನು 2007ರದು. ಒಂದು ಎಚ್ಚರಿಕೆ: ಆ ಕಾನೂನು ಅನ್ವಯಿಸುವುದು ಎಎ, ಎಎಸ್ ಎಂಬ ಎರಡು ವರ್ಷದ ಪದವಿಗಳಿಗೆ. ಸ್ಟುಡಿಯೋ ತರಗತಿಗಳ ಕ್ರೆಡಿಟ್ಟುಗಳನ್ನು ಬಿಎಫ್ಎ ವಿಭಾಗಗಳು ಪೋರ್ಟ್‌ಫೋಲಿಯೋ ನೋಡಿ ತೀರ್ಮಾನಿಸುವುದೇ ಹೆಚ್ಚು. ಹೋಗಬೇಕೆಂದಿರುವ ವಿಭಾಗದಿಂದ ಮೊದಲೇ ಬರಹದಲ್ಲಿ ಉತ್ತರ ಪಡೆದಿರಬೇಕು.

ಪಾರ್ಸಿಪನಿಯ ಎಷ್ಟೋ ಕನ್ನಡ ಮನೆಗಳಲ್ಲಿ ಇದೆಲ್ಲಕ್ಕಿಂತ ಮೊದಲು ಬರುವುದು ವೀಸಾ. ಅಪ್ಪ ಎಚ್-1ಬಿಯಲ್ಲಿದ್ದು ಗ್ರೀನ್ ಕಾರ್ಡಿಗೆ ಕಾಯುತ್ತಿದ್ದರೆ ಎಚ್-4ರಲ್ಲಿರುವ ಮಗನಿಗೆ ಕೇಂದ್ರ ಸರಕಾರದ ವಿದ್ಯಾರ್ಥಿವೇತನವಾಗಲಿ ಸಾಲವಾಗಲಿ ಸಿಗುವುದಿಲ್ಲ. 21 ತುಂಬಿದ ಕೂಡಲೇ ಎಚ್-4 ಮುಗಿಯುತ್ತದೆ. ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಓದು ಮುಗಿದ ಮೇಲೆ ಕೆಲಸ ಮಾಡಲು ಒಂದು ವರ್ಷ ಅನುಮತಿ. ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಸಿಗುವ ಹೆಚ್ಚುವರಿ ಎರಡು ವರ್ಷ ಪೇಂಟಿಂಗ್ ಓದಿದವರಿಗೆ ಇಲ್ಲ. ಇಂಥ ಮಕ್ಕಳಿಗೆ ಕಾಲೇಜು ತಾನೇ ಪ್ರತಿಭೆ ನೋಡಿ ಕೊಡುವ ವಿದ್ಯಾರ್ಥಿವೇತನವೇ ಆಸರೆ. ಬರೋಡಾ, ಶಾಂತಿನಿಕೇತನ, ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು ಕೂಡ ಅವರ ಪಟ್ಟಿಯಲ್ಲಿರಬೇಕು. ಅದನ್ನು ಹಿನ್ನಡೆಯೆಂದು ನೋಡಬೇಕಾಗಿಲ್ಲ. ಶೀಲಾ ಗೌಡರನ್ನೂ ಹರ್ಷರನ್ನೂ ತಯಾರು ಮಾಡಿದ ಜಾಗಗಳೂ ಇವುಗಳಲ್ಲಿವೆ.

ಇನ್ನು ನ್ಯೂಜೆರ್ಸಿಯಲ್ಲೇ ಉಳಿದು ಓದುವವರಿಗೆ ನ್ಯೂಯಾರ್ಕ್ ಕಳೆದುಹೋಗುವುದಿಲ್ಲ. ಮಾರಿಸ್‌ಟೌನಿನಲ್ಲಿ ರೈಲು ಹತ್ತಿದರೆ ಸುಮಾರು ಒಂದೂಕಾಲು ಗಂಟೆಯಲ್ಲಿ ಪೆನ್ ಸ್ಟೇಷನ್. ಅಲ್ಲಿಂದ ಚೆಲ್ಸಿಯ ಗ್ಯಾಲರಿಗಳಿಗೆ ನಡೆದೇ ಹೋಗಬಹುದು, ಒಳಗೆ ಹೋಗಲು ಟಿಕೆಟಿಲ್ಲ. ಮೆಟ್ರೊಪಾಲಿಟನ್ ಮ್ಯೂಸಿಯಂ 2018ರಲ್ಲಿ ಹೊರಗಿನವರಿಗೆ ಟಿಕೆಟ್ ಕಡ್ಡಾಯ ಮಾಡಿದಾಗಲೂ ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್ ರಾಜ್ಯಗಳ ವಿದ್ಯಾರ್ಥಿಗಳಿಗೆ ಮನಸ್ಸಿಗೆ ಬಂದಷ್ಟು ಕೊಟ್ಟು ಒಳಹೋಗುವ ಅವಕಾಶ ಉಳಿಸಿತು. 57ನೇ ಬೀದಿಯ ಆರ್ಟ್ ಸ್ಟೂಡೆಂಟ್ಸ್ ಲೀಗ್ 1875ರಿಂದ ಪದವಿಯ ಗೊಡವೆಯಿಲ್ಲದೆ ಕಲಿಸುತ್ತ ಬಂದಿದೆ. ಜಾರ್ಜಿಯಾ ಓಕೀಫ್, ಜಾಕ್ಸನ್ ಪೊಲಾಕ್ ಕಲಿತದ್ದು ಅಲ್ಲೇ. ಬೇಸಿಗೆ ರಜೆಯಲ್ಲಿ ಒಂದೆರಡು ತಿಂಗಳು ಅಲ್ಲಿ ಮನುಷ್ಯರನ್ನು ಎದುರಿಗೆ ಕೂರಿಸಿ ಚಿತ್ರ ಬರೆದರೆ, ಕಲಾಶಾಲೆಯ ದಿನಚರಿ ತನಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ಹೈಸ್ಕೂಲಿನ ಹುಡುಗನಿಗೂ ಗೊತ್ತಾಗುತ್ತದೆ.

ಹೆಚ್ಚಿನ ಕಾಲೇಜುಗಳಿಗೆ ಮೇ 1ರೊಳಗೆ ಒಪ್ಪಿಗೆ ಹೇಳಿ ಮುಂಗಡ ಕಟ್ಟಬೇಕು. ಅದಕ್ಕೆ ಮುಂಚೆ ಕಾಲೇಜಿನ ಪ್ರವಾಸಕ್ಕೆ ಹೋದರೆ ಗೈಡ್ ತೋರಿಸುವ ಹೊಸ ಕಟ್ಟಡವನ್ನು ನೋಡಿದ್ದು ಸಾಕು, ಹಿಂದಿನ ಕೋಣೆಗಳನ್ನು ತೋರಿಸಲು ಕೇಳಬೇಕು. ಎಚ್ಚಿಂಗ್ ಪ್ರೆಸ್ಸಿನ ಮೇಲೆ ಧೂಳಿದೆಯೋ ಶಾಯಿಯಿದೆಯೋ? ಟರ್ಪೆಂಟೈನ್ ವಾಸನೆ ಹೊರಗೆ ಹೋಗಲು ಫ್ಯಾನು ಓಡುತ್ತಿದೆಯೇ? ಮರಗೆಲಸದ ಕಾರ್ಯಾಗಾರಕ್ಕೆ ಸಂಜೆ ಐದಕ್ಕೇ ಬೀಗ ಬೀಳುತ್ತದೆಯೋ, ಅದು ರಾತ್ರಿ ಹತ್ತರವರೆಗೆ ತೆರೆದಿರುತ್ತದೆಯೋ? ಸ್ವಂತ ಸ್ಟುಡಿಯೋ ಜಾಗ ಎಷ್ಟನೇ ವರ್ಷದಲ್ಲಿ ಸಿಗುತ್ತದೆ? ಎರಡು ಕಾಲೇಜಿನಿಂದ ಕರೆ ಬಂದಿದ್ದರೆ, ಹೆಚ್ಚು ವಿದ್ಯಾರ್ಥಿವೇತನ ಕೊಟ್ಟವರ ಪತ್ರವನ್ನು ಇನ್ನೊಬ್ಬರಿಗೆ ಕಳಿಸಿ ಮರುಪರಿಶೀಲನೆ ಕೇಳುವುದು ಅಮೆರಿಕದಲ್ಲಿ ರೂಢಿಯೇ, ಅದರಲ್ಲಿ ಅವಮಾನವಿಲ್ಲ. ಏಪ್ರಿಲ್‌ ಮೇ ತಿಂಗಳಲ್ಲಿ ಕೊನೆಯ ವರ್ಷದವರ ಪ್ರದರ್ಶನಗಳು ನಡೆಯುತ್ತವೆ, ಊರವರೂ ಹೋಗಿ ನೋಡಬಹುದು. ನಾಲ್ಕು ವರ್ಷ ಆ ಕಾಲೇಜು ಏನು ಮಾಡಿತು ಎಂಬುದು ಆ ಗೋಡೆಗಳ ಮೇಲಿರುತ್ತದೆ: ಎಲ್ಲರ ಕೆಲಸವೂ ಒಬ್ಬ ಮೇಷ್ಟ್ರ ನೆರಳಿನಂತಿದೆಯೋ, ಒಬ್ಬೊಬ್ಬರದು ಒಂದೊಂದು ಥರ ಇದೆಯೋ. ಚಿತ್ರದ ಪಕ್ಕದಲ್ಲಿ ಅದನ್ನು ಬರೆದ ವಿದ್ಯಾರ್ಥಿಯೂ ನಿಂತಿರುತ್ತಾನೆ. ತಿಂಗಳಿಗೆ ಎಷ್ಟು ಸಾಲ ಕಟ್ಟಬೇಕು, ಜೂನ್ ತಿಂಗಳಿನಿಂದ ಎಲ್ಲಿ ಕೂತು ಚಿತ್ರ ಬರೆಯುತ್ತೀಯ ಎಂದು ಅವನನ್ನೇ ಕೇಳಬಹುದು.